ಬಂದರಿನ ಋಣ

ಸರಕಾರದ ಬೊಕ್ಕಸದಿಂದ ಒಂದು ಊರಿನ ಬಂದರಿಗೆ ಹಣ ಸಂದಾಗ ಆ ಹಣವನ್ನು ಏನೆಂದು ಕರೆಯಬೇಕು? ದಾನವೆನ್ನೋಣವೇ, ಸಾಲವೆನ್ನೋಣವೇ, ಅಥವಾ ನ್ಯಾಯವಾಗಿ ಸಲ್ಲಬೇಕಾದ ಪಾಲೆನ್ನೋಣವೇ? ಮೇಲ್ನೋಟಕ್ಕೆ ಇದು ಲೆಕ್ಕಪತ್ರ ಬರೆಯುವ ಗುಮಾಸ್ತರಿಗೆ ಬಿಡತಕ್ಕ ಪ್ರಶ್ನೆಯಂತೆ ತೋರುತ್ತದೆ. ಆದರೆ ಹೆಸರು ಬದಲಾದರೆ ಕೊಟ್ಟವನ ಕರ್ತವ್ಯವೂ ಪಡೆದವನ ಕರ್ತವ್ಯವೂ ಬದಲಾಗುತ್ತವೆ. ದಾನ ಪಡೆದವನು ಕೃತಜ್ಞನಾಗಿದ್ದರೆ ಸಾಕು. ಸಾಲ ಪಡೆದವನು ತೀರಿಸಬೇಕು. ಪಾಲು ಪಡೆದವನು ಯಾರೆದುರೂ ತಲೆಬಾಗಬೇಕಾಗಿಲ್ಲ. ಕರಾವಳಿಯಲ್ಲಿ ಹುಟ್ಟಿ, ಕರಾವಳಿಯ ಮಕ್ಕಳಿಗೆ ಅಕ್ಷರ ಕಲಿಸುವ ನಮ್ಮಂತಹವರು ಈ ಭೇದವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಅವಶ್ಯವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪ್ರಶ್ನೆ ಬರಿಯ ಕಲ್ಪನೆಯದಲ್ಲ. ತಿರುವನಂತಪುರದ ದಕ್ಷಿಣಕ್ಕೆ ವಿಳಿಂಜಂ ಎಂಬ ಊರಿದೆ. ಅಲ್ಲಿ ದಡದ ಸಮೀಪದಲ್ಲಿಯೇ ಕಡಲಿಗೆ 18ರಿಂದ 20 ಮೀಟರಿನಷ್ಟು ಸಹಜವಾದ ಆಳ. ಪೂರ್ವಪಶ್ಚಿಮಗಳ ದೊಡ್ಡ ಹಡಗುಗಳು ಸಾಗುವ ದಾರಿಯೂ ಅಲ್ಲಿಗೆ ಬಹಳ ದೂರವಿಲ್ಲ. 2015ರ ಡಿಸೆಂಬರಿನಲ್ಲಿ ಅಲ್ಲಿ ಬಂದರಿನ ಕಟ್ಟೋಣ ಮೊದಲಾಯಿತು. 2024ರ ಜುಲೈಯಲ್ಲಿ ಮೊದಲ ದೊಡ್ಡ ಕಂಟೇನರು ಹಡಗು ಬಂತು. 2025ರ ಮೇ 2ರಂದು ಪ್ರಧಾನಮಂತ್ರಿಗಳು ಅದನ್ನು ವಿಧಿಪೂರ್ವಕ ಉದ್ಘಾಟಿಸಿದರು. ಕಟ್ಟಿ ನಡೆಸುವ ಹೊಣೆ ಅದಾನಿ ಸಂಸ್ಥೆಯದು. ಅಲೆಗಳನ್ನು ತಡೆಯುವ ಸುಮಾರು 3 ಕಿಲೋಮೀಟರು ಉದ್ದದ ಕಲ್ಲುಗೋಡೆಯ ವೆಚ್ಚ ರಾಜ್ಯದ್ದು. ಇದಲ್ಲದೆ, ಕೆಲಸವು ವ್ಯಾಪಾರದ ಲೆಕ್ಕದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಲಾರದೆಂದು ಕಂಡಾಗ ಆ ಕೊರತೆಯನ್ನು ತುಂಬಲು ಸರಕಾರಗಳು ಕೊಡುವ ಹಣವೊಂದುಂಟು. ಆಡಳಿತದ ಭಾಷೆಯಲ್ಲಿ ಅದನ್ನು ವಯಬಿಲಿಟಿ ಗ್ಯಾಪ್ ಫಂಡ್ ಎನ್ನುತ್ತಾರೆ. ನಾವು ಅದನ್ನು ಕೊರತೆನಿಧಿ ಎಂದು ಕರೆಯೋಣ. ವಿಳಿಂಜಕ್ಕೆ ಕೇಂದ್ರ ಸರಕಾರದಿಂದ ಬರಬೇಕಾದ ಕೊರತೆನಿಧಿ 817.80 ಕೋಟಿ ರೂಪಾಯಿ.

ಈ ಹಣದ ಹೆಸರಿನ ಮೇಲೆಯೇ ವ್ಯಾಜ್ಯ ಹುಟ್ಟಿತು. ಮುಂದೆ ಬಂದರಿನಿಂದ ರಾಜ್ಯಕ್ಕೆ ಬರುವ ವರಮಾನದಲ್ಲಿ ಒಂದು ಭಾಗವನ್ನು ತನಗೆ ಕೊಡತಕ್ಕದ್ದೆಂದು ಕೇಂದ್ರ ಷರತ್ತು ಹಾಕಿತು. ತೂತ್ತುಕುಡಿಯ ಬಂದರಿಗೆ ಹಿಂದಿರುಗಿಸುವ ಮಾತಿಲ್ಲದೆ ಕೊಟ್ಟಿರಿ, ನಮಗೆ ಮಾತ್ರ ಏಕೆ ಈ ಕಟ್ಟಳೆ ಎಂದು ಕೇರಳ ಕೇಳಿತು. ತೂತ್ತುಕುಡಿ ಕೇಂದ್ರದ ಅಧೀನದಲ್ಲಿರುವ ಪ್ರಮುಖ ಬಂದರು, ವಿಳಿಂಜಂ ರಾಜ್ಯದ್ದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪ್ರಮುಖ ಬಂದರುಗಳು ಕೇಂದ್ರದ ಪಟ್ಟಿಯಲ್ಲಿಯೂ ಉಳಿದ ಬಂದರುಗಳು ಸಮವರ್ತಿ ಪಟ್ಟಿಯಲ್ಲಿಯೂ ಇವೆ. ಕಡೆಗೆ 2025ರ ಎಪ್ರಿಲಿನಲ್ಲಿ ಕೇರಳವು ಷರತ್ತಿಗೆ ಒಪ್ಪಿ ರುಜು ಹಾಕಿತು. 2034ರಿಂದ ರಾಜ್ಯಕ್ಕೆ ಬರತೊಡಗುವ ಪಾಲಿನಲ್ಲಿ ನೂರಕ್ಕೆ 20ರಷ್ಟು ಕೇಂದ್ರಕ್ಕೆ ಹೋಗತಕ್ಕದ್ದು. ಹೀಗೆ ದಾನವೆಂದು ಒಬ್ಬರು ಬಗೆದದ್ದು ಇನ್ನೊಬ್ಬರ ಲೆಕ್ಕದಲ್ಲಿ ಸಾಲವಾಯಿತು.

ಎರಡು ಬೊಕ್ಕಸಗಳ ಈ ವಾದವನ್ನು ಪತ್ರಿಕೆಗಳಲ್ಲಿ ಓದುತ್ತಿದ್ದಾಗ ನಮಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಯಾರು ಯಾರಿಗೆ ಸಾಲಗಾರರು ಎಂದು ಇಬ್ಬರೂ ಬಹಳ ಜಾಗರೂಕತೆಯಿಂದ ಲೆಕ್ಕ ಹಾಕಿದರು. ಆದರೆ ಬಂದರಿಗೆ ಎಲ್ಲರಿಗಿಂತ ಮೊದಲು ತನ್ನದನ್ನು ಕೊಟ್ಟವನೊಬ್ಬನುಂಟು. ಆತನ ಹೆಸರು ಆ ಕಾಗದದಲ್ಲಿ ಇರಲಿಲ್ಲ. ಆತನ ವಿಷಯಕ್ಕೆ ಬರುವ ಮೊದಲು, ಸರಕಾರವು ಬಂದರು, ರಸ್ತೆಗಳಿಗೆ ಸಾರ್ವಜನಿಕರ ಹಣವನ್ನು ತೊಡಗಿಸುವುದು ಸರಿಯೇ ಎಂಬ ಮೂಲ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕಾಗಿದೆ.

ಶಾಲೆಯಲ್ಲಿ ನಾವು ಮಕ್ಕಳಿಗೆ ಲಾಭನಷ್ಟದ ಲೆಕ್ಕ ಕಲಿಸುತ್ತೇವೆ. ಕೊಂಡ ಬೆಲೆ ಇಷ್ಟು, ಮಾರಿದ ಬೆಲೆ ಇಷ್ಟು, ಉಳಿದದ್ದು ಲಾಭ. ತೆಂಗಿನಕಾಯಿಗೂ ಅಡಕೆಗೂ ಈ ಲೆಕ್ಕ ಸರಿಹೋಗುತ್ತದೆ; ಅಳಿವೆಯ ಬಾಯಿಗೆ ಹಾಕಿದ ಕಲ್ಲಿಗೆ ಸರಿಹೋಗುವುದಿಲ್ಲ. ಅಳಿವೆಬಾಗಿಲಿನಲ್ಲಿ ತಡೆಗೋಡೆ ಇದ್ದುದರಿಂದ ಗಾಳಿಮಳೆಯ ದಿನ ಒಂದು ದೋಣಿ ಮಗುಚದೆ ಒಳಗೆ ಬಂತೆನ್ನೋಣ. ಆ ಮೂರು ನಾಲ್ಕು ಜೀವಗಳ ಬೆಲೆಯನ್ನು ಬಂದರಿನ ಕಚೇರಿಯವರು ಯಾವ ರಶೀದಿ ಬರೆದು ವಸೂಲು ಮಾಡಿಯಾರು? ಮೀನು ಕೆಡದೆ ಧಕ್ಕೆಗೆ ಬಂದುದರಿಂದ ಮಂಜುಗಡ್ಡೆ ಮಾರುವವನಿಗೆ ಎರಡು ಕಾಸು, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಎರಡು ಕಾಸು, ಲಾರಿಯವನಿಗೆ ಎರಡು ಕಾಸು, ಘಟ್ಟದ ಬುಡದ ಪೇಟೆಯಲ್ಲಿ ಕೊಳ್ಳುವವನಿಗೆ ಬೆಲೆಯಲ್ಲಿ ಸ್ವಲ್ಪ ಇಳಿತ. ಪ್ರಯೋಜನವು ಹೀಗೆ ನೂರು ಕೈಗಳಲ್ಲಿ ಹಂಚಿಹೋಗುತ್ತದೆ. ಅದನ್ನೆಲ್ಲ ಒಂದೆಡೆ ಕೂಡಿಹಾಕಿ ಕಲ್ಲಿನ ಬೆಲೆಯನ್ನು ತೀರಿಸಲು ಯಾವ ಸಾಹುಕಾರನಿಂದಲೂ ಆಗುವುದಿಲ್ಲ. ಆದುದರಿಂದ ಸಾಹುಕಾರನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಕಿದರೆ ಕೊರತೆ ತುಂಬಿಕೊಡಿರೆಂದು ಸರಕಾರವನ್ನು ಕೇಳುತ್ತಾನೆ.

ಇದು ಹೊಸ ಮಾತೇನೂ ಅಲ್ಲ. ವ್ಯಾಪಾರದ ಸ್ವಾತಂತ್ರ್ಯವನ್ನು ಎತ್ತಿ ಹಿಡಿದ ಆಡಂ ಸ್ಮಿತ್ ಮಹಾಶಯನೇ 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸಮಾಜಕ್ಕೆ ಬಹಳ ಉಪಕಾರಿಯಾಗಿದ್ದರೂ ಒಬ್ಬ ವ್ಯಕ್ತಿಗೆ ವೆಚ್ಚವನ್ನು ಮರಳಿಸಲಾರದ ರಸ್ತೆ, ಸೇತುವೆ, ಬಂದರುಗಳಂತಹ ಕೆಲಸಗಳು ಪ್ರಭುತ್ವದ ಕರ್ತವ್ಯವೆಂದು ಹೇಳಿದ್ದಾನೆ. ಆದರೆ ಒಂದು ಊರಿಗೆ ಮಾತ್ರ ಪ್ರಯೋಜನವಾಗುವ ಕೆಲಸಕ್ಕೆ ಆ ಊರಿನವರೇ ತೆರತಕ್ಕದ್ದೆಂದೂ ಅವನ ಮತ. ನಮ್ಮ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸುತ್ತಾನೆ. ದಡದ ಹಳ್ಳಿಗಳಿಂದ ಗೊತ್ತಾದ ತೆರಿಗೆ, ಬೆಸ್ತರಿಂದ ಮೀನಿನ ಆರನೆಯ ಒಂದು ಪಾಲು, ವರ್ತಕರಿಂದ ಪಟ್ಟಣದ ಸುಂಕ ಎಂದು ವಸೂಲಿಯ ಕ್ರಮವನ್ನೆಲ್ಲ ಹೇಳಿ, ಅದರ ಜೊತೆಗೇ ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನು ಅಧಿಕಾರಿಯು ತಂದೆಯಂತೆ ಕಾಣಬೇಕೆಂದೂ ನೀರಿನಿಂದ ಕೆಟ್ಟ ಸರಕಿಗೆ ಸುಂಕ ಬಿಡಬೇಕು ಅಥವಾ ಅರ್ಧ ಮಾಡಬೇಕೆಂದೂ ವಿಧಿಸುತ್ತಾನೆ. ಕಾಸಿಗೆ ಕಾಸು ಎಣಿಸುವ ಆ ಗ್ರಂಥಕರ್ತನು ಕಡಲಿನ ಎದುರು ಮಾತ್ರ ಸ್ವಲ್ಪ ಮೆತ್ತಗಾಗುವುದು ಗಮನಿಸತಕ್ಕ ವಿಷಯ. ಇನ್ನು ಕೊರತೆ ತುಂಬುವ ಪದ್ಧತಿಯೂ ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ರೈಲು ಕಂಪೆನಿಗಳಿಗೆ ನೂರಕ್ಕೆ 5ರ ಬಡ್ಡಿಯನ್ನು ಸರಕಾರ ಖಾತರಿಪಡಿಸಿತ್ತು; ರೈಲು ಅಷ್ಟು ಗಳಿಸದಿದ್ದರೆ ಉಳಿದುದನ್ನು ಈ ದೇಶದ ರೈತನು ತೆತ್ತ ತೀರ್ವೆಯಿಂದ ಕೊಡಲಾಗುತ್ತಿತ್ತು.

ಹೀಗೆ ಸರಕಾರವು ಹಣ ಹಾಕುವುದು ಸರಿಯೇ ಎಂದಿಟ್ಟುಕೊಳ್ಳೋಣ. ಅದು ಯಾರ ಹಣ? ಕೇರಳದಲ್ಲಿ ರಸ್ತೆ ಸೇತುವೆಗಳಂತಹ ಅನೇಕ ಕೆಲಸಗಳಿಗೆ ಕಿಫ್ಬಿ ಎಂಬ ಮಂಡಳಿಯ ಮೂಲಕ ಹಣ ಬರುತ್ತದೆಯಷ್ಟೆ. ಆ ಮಂಡಳಿ ಸಾಲವೆತ್ತುತ್ತದೆ. ಅದರ ಬೆನ್ನಿಗೆ ಮೋಟಾರು ವಾಹನ ತೆರಿಗೆಯ ಒಂದು ಭಾಗವೂ, ಪೆಟ್ರೋಲು ಡೀಸೆಲುಗಳ ಮೇಲೆ ಲೀಟರಿಗೆ 1 ರೂಪಾಯಿಯ ಸೆಸ್ಸೂ ಇವೆ. ಪೆರ್ಲದಲ್ಲಿ ತನ್ನ ರಿಕ್ಷಾಕ್ಕೆ ಎಣ್ಣೆ ಹಾಕಿಸುವವನು ಲೀಟರಿಗೆ ಒಂದು ರೂಪಾಯಿಯಂತೆ, ತಾನು ಜನ್ಮದಲ್ಲಿ ಕಾಣದ ಊರುಗಳ ಸೇತುವೆಗಳಿಗೆ ಕೊಡುತ್ತಿದ್ದಾನೆ. ಹಾಗೆಯೇ ನಮ್ಮ ಗಡಿಯ ನಂದಾರಪದವಿನಿಂದ ಹೊರಟು ತೆಂಕಣ ತುದಿಯ ಪಾರಶ್ಶಾಲೆಯವರೆಗೆ ಸಾವಿರದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಸಾಗುವ ಮಲೆನಾಡ ಹೆದ್ದಾರಿಗೆ ಆಲಪ್ಪುಳದ ದೋಣಿಯವನೂ ಕೊಟ್ಟಿದ್ದಾನೆ. ತಲಪಾಡಿಯಿಂದ ತೆಂಕಕ್ಕೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಆರು ಸಾಲಿನದಾಗಿ ಮಾಡಲು ಬೇಕಾದ ಭೂಮಿಯ ವೆಚ್ಚದಲ್ಲಿ ನಾಲ್ಕನೆಯ ಒಂದು ಪಾಲನ್ನು ಕೇರಳವೇ ವಹಿಸಿಕೊಂಡು 5,580 ಕೋಟಿ ರೂಪಾಯಿ ತೆತ್ತಿತು. ಇಷ್ಟು ಜನರ ಕೈಯಿಂದ ಬಂದ ಹಣ ಒಂದು ಊರಿನಲ್ಲಿ ಕಲ್ಲಾಗಿಯೋ ಡಾಮರಾಗಿಯೋ ನೆಲೆಗೊಂಡ ಮೇಲೆ ಆ ಊರಿನವರು ಅದನ್ನು ‘ನಮ್ಮದು’ ಎಂದು ಹೇಳುವುದರಲ್ಲಿ ಅರ್ಧ ಸತ್ಯ ಮಾತ್ರವಿದೆ.

ಗಡಿನಾಡಿನವರಾದ ನಮಗೆ ‘ಪಾಲು’ ಎಂಬ ಶಬ್ದ ಬಹಳ ಪ್ರಿಯ. ಅದಕ್ಕೆ ಕಾರಣವೂ ಉಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ರಾಜಧಾನಿಯಿಂದ ಅತಿ ದೂರದ ತುದಿ ನಮ್ಮದಾಯಿತು. ದೂರದಲ್ಲಿ ಕುಳಿತವನ ಎಲೆಗೆ ಪಾಯಸ ಬರುವಷ್ಟರಲ್ಲಿ ತಪ್ಪಲೆಯ ತಳ ಕಾಣುವುದು ಲೋಕದ ವಾಡಿಕೆ. ಆದುದರಿಂದ 2020ರ ಅಕ್ಟೋಬರಿನಲ್ಲಿ ಮಂಜೇಶ್ವರದ ಮೀನುಗಾರಿಕಾ ಬಂದರು ಉದ್ಘಾಟನೆಯಾದಾಗ, ‘ಅಂತೂ ನಮ್ಮ ಪಾಲು ಬಂತು’ ಎಂದು ಸಂತೋಷಪಡುವುದು ಸಹಜವೇ. ಆ ಸಂತೋಷವನ್ನು ನಾವು ಹಳಿಯುವುದಿಲ್ಲ. ಹಣ ಹೋಗದ ಕಡೆಯ ಗತಿ ಏನೆಂಬುದನ್ನು ನಮ್ಮ ಕರಾವಳಿ ಬಲ್ಲದು. ಸುಮಾರು 1514ರಲ್ಲಿ ಕುಂಬಳೆಗೆ ಬಂದ ಬಾರ್ಬೋಸಾ ಎಂಬ ಪೋರ್ಚುಗೀಸನು ಅಲ್ಲಿಂದ ಮಾಲದ್ವೀಪಕ್ಕೆ ಅಕ್ಕಿ ಹೋಗುವುದನ್ನೂ ಅಲ್ಲಿಂದ ತೆಂಗಿನ ನಾರು ಬರುವುದನ್ನೂ ಬರೆದಿಟ್ಟಿದ್ದಾನೆ. ಇಂದು ಕುಂಬಳೆಯ ಅಳಿವೆಯಲ್ಲಿ ನಿಂತು ನೋಡಿದರೆ ಆ ಮಾತನ್ನು ನಂಬುವುದು ಕಷ್ಟ. 1907ರಲ್ಲಿ ರೈಲುದಾರಿ ಮಂಗಳೂರನ್ನು ಮುಟ್ಟಿತು. ಮಂಜಿಗಳಲ್ಲಿ ಹೋಗುತ್ತಿದ್ದ ಸರಕು ಬಂಡಿಯನ್ನೇರಿತು. ಸಣ್ಣ ರೇವುಗಳಲ್ಲಿ ಹೊಯಿಗೆ ತುಂಬಿತು. ಕುಂಬಳೆಯನ್ನು ಕೊಲ್ಲಬೇಕೆಂದು ಯಾರೂ ಆಜ್ಞೆ ಹೊರಡಿಸಿರಲಿಲ್ಲ. ಹಣ ಬೇರೆ ಕಡೆ ಹರಿಯಿತು, ಅಷ್ಟೇ. ಕೇರಳದ ಪಟ್ಟಿಯಲ್ಲಿರುವ ಹದಿನೇಳು ಸಣ್ಣ ಬಂದರುಗಳಲ್ಲಿ ಮಂಜೇಶ್ವರ, ಕಾಸರಗೋಡು, ನೀಲೇಶ್ವರಗಳ ಹೆಸರುಗಳು ಈಗಲೂ ಇವೆ.

ಆದರೂ ಪಾಲಿನ ವಾದವು ಒಂದು ಹಂತದ ಆಚೆಗೆ ನಮ್ಮನ್ನು ಕೊಂಡೊಯ್ಯಲಾರದು. ಪಾಲನ್ನು ಕೇಳುವವನು ಯಾವಾಗಲೂ ಮೇಲಿನವರನ್ನು ನೋಡಿ ಕೇಳುತ್ತಾನೆ; ಪಕ್ಕದವನ ಕಡೆ ತಿರುಗಿ ನೋಡುವುದಿಲ್ಲ. ಬಂದರಿನ ವಿಷಯದಲ್ಲಿ ತೊಡಕಿರುವುದು ಪಕ್ಕದಲ್ಲಿಯೇ.

ಇದನ್ನು ತಿಳಿಯಬೇಕಾದರೆ ಹೊಯಿಗೆಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ದಡದ ಹೊಯಿಗೆ ಒಂದೇ ಕಡೆ ಬಿದ್ದಿರುವ ವಸ್ತುವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಸದಾ ಪ್ರಯಾಣದಲ್ಲಿರುತ್ತದೆ. ಅಲೆಗಳು ದಡಕ್ಕೆ ನೇರವಾಗಿ ಬಾರದೆ ಸ್ವಲ್ಪ ಓರೆಯಾಗಿ ಬಡಿಯುತ್ತವೆ. ಬಡಿದಾಗ ಹೊಯಿಗೆಯ ಕಣಗಳನ್ನು ಓರೆಯಾಗಿ ಮೇಲಕ್ಕೆ ಒಯ್ದು, ಹಿಂದಿರುಗುವಾಗ ನೇರವಾಗಿ ಕೆಳಕ್ಕೆ ಎಳೆಯುತ್ತವೆ. ಹೀಗೆ ಗರಗಸದ ಹಲ್ಲಿನ ದಾರಿಯಲ್ಲಿ ಪ್ರತಿಯೊಂದು ಕಣವೂ ದಡದುದ್ದಕ್ಕೆ ಸಾಗುತ್ತದೆ. ಮಳೆಗಾಲದಲ್ಲಿ ಕಡಲು ದಡವನ್ನು ತಿನ್ನುತ್ತದೆ, ಬೇಸಗೆಯಲ್ಲಿ ಮರಳಿ ತಂದು ಹಾಕುತ್ತದೆ. ಈ ಕೊಡುಕೊಳ್ಳುವಿಕೆಯಿಂದಲೇ ದಡ ನಿಂತಿದೆ. ಈಗ ಈ ದಾರಿಗೆ ಅಡ್ಡಲಾಗಿ ಕಡಲಿನೊಳಕ್ಕೆ ಒಂದು ಕಲ್ಲುಗೋಡೆ ಹಾಕಿದರೆ ಏನಾಗುತ್ತದೆ? ಗೋಡೆಯ ಒಂದು ಪಕ್ಕದಲ್ಲಿ ಹೊಯಿಗೆ ತಂಗಿ ದಡ ಬೆಳೆಯುತ್ತದೆ. ಇನ್ನೊಂದು ಪಕ್ಕಕ್ಕೆ ಬರಬೇಕಾದ ಹೊಯಿಗೆ ಬರುವುದಿಲ್ಲ. ಆದರೆ ಅಲ್ಲಿಂದ ಹೋಗುವುದು ನಿಲ್ಲುವುದೂ ಇಲ್ಲ. ವರಮಾನ ನಿಂತು ಖರ್ಚು ಮಾತ್ರ ನಡೆಯುವ ಮನೆಯಂತೆ ಆ ದಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಗೋಡೆ ಕಟ್ಟಿದ ಊರಿಗೆ ಧಕ್ಕೆ ಬಂತು. ಎರಡು ಮೈಲು ಆಚೆಯ ಊರಿಗೆ ಕಡಲ್ಕೊರೆತ ಬಂತು. ಮೊದಲನೆಯದರ ವೆಚ್ಚ ಲೆಕ್ಕದಲ್ಲಿದೆ, ಎರಡನೆಯದು ದೈವಲೀಲೆ.

ಉಳ್ಳಾಲದ ಕಥೆಯನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ನೇತ್ರಾವತಿ ಗುರುಪುರ ಹೊಳೆಗಳು ಕೂಡಿ ಕಡಲು ಸೇರುವಲ್ಲಿ ಮಂಗಳೂರಿನ ಹಳೆ ಬಂದರಿಗಾಗಿ ತಡೆಗೋಡೆಗಳನ್ನು ಕಟ್ಟಲಾಯಿತು. ಅವುಗಳ ತೆಂಕಣ ಮಗ್ಗುಲಿನ ಉಳ್ಳಾಲದಲ್ಲಿ ತೆಂಗಿನ ಮರಗಳೂ ಮನೆಗಳೂ ಒಂದೊಂದಾಗಿ ನೀರುಪಾಲಾಗುವುದನ್ನು ಎಷ್ಟೋ ಮಳೆಗಾಲಗಳಲ್ಲಿ ಕಂಡಿದ್ದೇವೆ. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದ ಸಾಲ ತಂದು, 2010ರ ತರುವಾಯ ಅಲ್ಲಿ ಕಡಲಿನೊಳಗೆ ಕೃತಕ ದಿಬ್ಬಗಳನ್ನೂ ದಡದಲ್ಲಿ ಅಡ್ಡಗೋಡೆಗಳನ್ನೂ ಕಟ್ಟುವ ಕೆಲಸಕ್ಕೆ ಸರಕಾರ ಕೈಹಚ್ಚಬೇಕಾಯಿತು. ಗೋಡೆಗೂ ಬೊಕ್ಕಸದ ಹಣ, ಗೋಡೆಯ ಪಕ್ಕದ ದಡವನ್ನು ಉಳಿಸಲಿಕ್ಕೂ ಬೊಕ್ಕಸದ ಹಣ. ನಡುವಣ ವರ್ಷಗಳಲ್ಲಿ ಮನೆ ಕಳೆದುಕೊಂಡವರು ತೆತ್ತದ್ದು ಯಾವ ಬೊಕ್ಕಸದಿಂದ ಎಂದು ಕೇಳಿದರೆ, ಅವರ ಸ್ವಂತದ್ದರಿಂದ ಎನ್ನದೆ ಗತಿಯಿಲ್ಲ. ಇವರೇ ನಾವು ಮೊದಲು ಹೇಳಿದ, ಕಾಗದದಲ್ಲಿ ಹೆಸರಿಲ್ಲದ ಸಾಲಿಗರು. ಕೇಂದ್ರವು 817 ಕೋಟಿ ಕೊಡುವ ಮೊದಲು, ರಾಜ್ಯವು ಕಲ್ಲು ಹಾಕುವ ಮೊದಲು, ಇವರು ತಮ್ಮ ದಡವನ್ನು ಕೊಟ್ಟಿರುತ್ತಾರೆ. ಯಾರೂ ಕೇಳದೆ, ಯಾರೂ ರುಜು ಹಾಕದೆ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ನಾವು ತರಗತಿಯಲ್ಲಿ ಹೇಳಿಕೊಡುವಾಗ ಮಕ್ಕಳು ಮೌನವಾಗುತ್ತಾರೆ. ಊರಿಗೊಂದು ಕೆರೆ ಕಟ್ಟಿದರು, ನೀರು ಬೀಳಲಿಲ್ಲ; ಮನೆಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರೆ ಬೀಳುವುದೆಂದು ಶಾಸ್ತ್ರದವರು ಹೇಳಿದರು; ಹಾಗೆಯೇ ಆಯಿತು. ಒಮ್ಮೆ ಒಬ್ಬ ಹುಡುಗ, ಮೊಗವೀರರ ಮನೆಯವನು, ‘ಆ ಕೆರೆಯ ನೀರನ್ನು ಆಮೇಲೆ ಅವಳ ತವರುಮನೆಯವರೂ ಕುಡಿದರೇ?’ ಎಂದು ಕೇಳಿದ. ಉತ್ತರ ಪದ್ಯದಲ್ಲಿಲ್ಲ. ಪ್ರಶ್ನೆ ಮಾತ್ರ ಬಹಳ ಯೋಗ್ಯವಾದುದೆಂದು ನಮಗೆ ಅಂದೂ ತೋರಿತು, ಇಂದೂ ತೋರುತ್ತದೆ. ಕೆರೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಕಥೆಯಲ್ಲಿ ಬಲಿಯ ಹೆಸರಾದರೂ ಎಲ್ಲರಿಗೂ ಗೊತ್ತಿತ್ತು. ಗಂಡ ಮನೆಗೆ ಬಂದು ಅವಳನ್ನು ಹುಡುಕಿದ. ಬಂದರಿನ ಪಕ್ಕದ ದಡದವರಿಗೆ ಅಷ್ಟೂ ಲಭ್ಯವಿಲ್ಲ. ಅವರ ಹಾನಿ ಬಂದರಿನಿಂದ ಆಯಿತೇ ಎಂಬುದೇ ವಿವಾದವಾಗಿಬಿಡುತ್ತದೆ.

ವಿಳಿಂಜದಲ್ಲಿ ಹಾಗೆಯೇ ಆಯಿತು. 2022ರ ಆಗಸ್ಟಿನಿಂದ ಡಿಸೆಂಬರಿನವರೆಗೆ, ನಾಲ್ಕು ತಿಂಗಳಿಗೂ ಹತ್ತಿರ, ಲ್ಯಾಟಿನ್ ಕ್ರೈಸ್ತ ಧರ್ಮಪ್ರಾಂತದ ನೇತೃತ್ವದಲ್ಲಿ ಅಲ್ಲಿಯ ಮೀನುಗಾರರು ಮುಷ್ಕರ ಹೂಡಿದರು; ನವೆಂಬರಿನಲ್ಲಿ ಪೊಲೀಸು ಠಾಣೆಯ ಮೇಲೆ ದಾಳಿಯಾಗುವವರೆಗೂ ವಿಷಯ ಹೋಯಿತು. ಅದನ್ನು ನಾವು ಸಮರ್ಥಿಸುವುದಿಲ್ಲ. ಬಂದರಿನ ಗೋಡೆಯಿಂದಾಗಿ ವಲಿಯತುರ ಮೊದಲಾದ ದಡಗಳು ಕೊರೆದುಹೋದವೆಂದು ಮುಷ್ಕರದವರು ಹೇಳಿದರು. 2017ರ ಓಖಿ ಚಂಡಮಾರುತದಂತಹ ಬಿರುಗಾಳಿಗಳೇ ಕಾರಣ, ಬಂದರಲ್ಲವೆಂದು ಎದುರುವಾದ ಬಂತು. ಈ ವ್ಯಾಜ್ಯದಲ್ಲಿ ಯಾರ ಮಾತು ಎಷ್ಟು ಸರಿಯೆಂಬುದನ್ನು ಕಡಲಿನ ಶಾಸ್ತ್ರ ಬಲ್ಲವರು ತೀರ್ಮಾನಿಸಲಿ. ನಮ್ಮ ಪ್ರಶ್ನೆ ಬೇರೆ. ತೀರ್ಮಾನವಾಗುವವರೆಗೆ ಸಂದೇಹದ ಭಾರವನ್ನು ಯಾರು ಹೊರಬೇಕು? ಇಂದಿನ ರೂಢಿಯಲ್ಲಿ ಅದನ್ನು ಮೀನುಗಾರನು ಹೊರುತ್ತಾನೆ. ಗೋಡೆಯಿಂದಲೇ ತನ್ನ ಮನೆ ಹೋಯಿತೆಂದು ಅವನು ಸಿದ್ಧಪಡಿಸಬೇಕು. ಅವನಲ್ಲಿ ಅಲೆಯಳೆಯುವ ಯಂತ್ರವಿಲ್ಲ, ಇಪ್ಪತ್ತು ವರ್ಷದ ನಕ್ಷೆಗಳಿಲ್ಲ, ತಜ್ಞರಿಗೆ ಕೊಡಲು ಹಣವಿಲ್ಲ. ಇವೆಲ್ಲ ಇರುವುದು ಕಟ್ಟುವವರಲ್ಲಿ. ಯಾರ ಕೈಯಲ್ಲಿ ಸಾಧನಗಳಿವೆಯೋ, ಯಾರು ಸಾರ್ವಜನಿಕರ ಹೆಸರಿನಲ್ಲಿ ಕಡಲಿಗೆ ಕಲ್ಲು ಹಾಕಿದರೋ, ತಮ್ಮಿಂದ ಹಾನಿಯಾಗಲಿಲ್ಲವೆಂದು ತೋರಿಸುವ ಹೊಣೆಯೂ ಅವರದೇ ಆಗಬೇಕೆಂದು ನಮ್ಮ ಅಭಿಪ್ರಾಯ. ನೆರೆಯವನ ಗದ್ದೆಗೆ ಹೋಗುವ ತೋಡಿಗೆ ಕಟ್ಟ ಹಾಕಿದವನು, ನಿನ್ನ ಪೈರು ಒಣಗಿದ್ದು ಬಿಸಿಲಿನಿಂದ ಎಂದು ಹೇಳಿ ಪಾರಾಗುವುದನ್ನು ಊರ ಹಿರಿಯರು ಒಪ್ಪುತ್ತಿರಲಿಲ್ಲವಷ್ಟೆ.

ಕಾನೂನು ಇಲ್ಲಿ ಪೂರ್ತಿ ಕುರುಡಾಗಿಲ್ಲ. ಭೂಸ್ವಾಧೀನದ ಬಗೆಗಿನ 2013ರ ಕಾನೂನಿನಲ್ಲಿ ಬಾಧಿತ ಕುಟುಂಬಗಳೆಂದರೆ ಪಟ್ಟೆಯುಳ್ಳವರು ಮಾತ್ರವಲ್ಲ. ನೀರನ್ನು ನಂಬಿ ಬದುಕುವ ಮೀನುಗಾರರೂ ದೋಣಿಯವರೂ ಸೇರುತ್ತಾರೆ. ವಿಳಿಂಜದಲ್ಲಿಯೂ ಬಂದರಿನ ಜಾಗದಲ್ಲಿ ಕಸುಬು ಕಳೆದುಕೊಂಡ, ಚಿಪ್ಪು ತೆಗೆಯುವವರಿಗೆ, ದಡದಿಂದ ಬಲೆ ಎಳೆಯುವವರಿಗೆ ಪರಿಹಾರ ಕೊಡಲಾಯಿತು. ಆದರೆ ಆ ಕಾನೂನು ಎಚ್ಚರಗೊಳ್ಳುವುದು ಸರಕಾರವು ಭೂಮಿಯನ್ನು ತೆಗೆದುಕೊಂಡಾಗ. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗಾಗಿ ನೆಲ ಬಿಟ್ಟವರಿಗೆ ಕಾಟಿಪಳ್ಳದಲ್ಲಿ ನೆಲೆ ಮಾಡಿಕೊಡಲಾಯಿತು. ಹೆದ್ದಾರಿಗೆ ಮನೆಯಂಗಳ ಕೊಟ್ಟವನಿಗೆ ಕ್ರಯ ಸಿಗುತ್ತದೆ. ಅದು ಸಾಕಷ್ಟಾಯಿತೇ ಎಂಬ ಚರ್ಚೆ ಬೇರೆ. ಅವರು ಕೊಟ್ಟರೆಂಬುದನ್ನಾದರೂ ಯಾರೂ ಅಲ್ಲಗಳೆಯುವುದಿಲ್ಲ. ಮೈಲುಗಳಾಚೆಯ ದಡವನ್ನು ಸರಕಾರ ತೆಗೆದುಕೊಳ್ಳುವುದಿಲ್ಲ. ಅದನ್ನು ಕಡಲು ತೆಗೆದುಕೊಳ್ಳುತ್ತದೆ, ಕಡಲಿನ ಮೇಲೆ ದಾವೆ ಹೂಡುವಂತಿಲ್ಲ. ಮೇಲಾಗಿ, ದೋಣಿ ಎಳೆದಿಡುವ, ಬಲೆ ಒಣಗಿಸುವ, ಮೀನು ಹರಡುವ ಆ ಹೊಯಿಗೆಗೆ ಯಾರ ಹೆಸರಿನಲ್ಲಿಯೂ ಪಟ್ಟೆ ಇರುವುದಿಲ್ಲ, ಅದು ಪುರಂಬೋಕು. ಹತ್ತು ತಲೆಮಾರು ಅನ್ನ ಕೊಟ್ಟ ನೆಲಕ್ಕೆ ಕಾಗದವಿಲ್ಲವೆಂಬುದರಿಂದಲೇ ಅದು ಕಳೆದುಹೋದದ್ದು ಯಾವ ರಿಜಿಸ್ಟರಿನಲ್ಲಿಯೂ ಬರುವುದಿಲ್ಲ.

ಇಷ್ಟನ್ನೆಲ್ಲ ಲೆಕ್ಕಿಸುತ್ತ ಹೋದರೆ ಯಾವ ಬಂದರೂ ಕಟ್ಟಲ್ಪಡಲಾರದು, ಬಡ ರಾಜ್ಯಕ್ಕೆ ಇಂತಹ ಸೂಕ್ಷ್ಮ ಸಲ್ಲದು ಎಂದು ಯಾರಾದರೂ ಹೇಳಬಹುದು. ಆಕ್ಷೇಪ ಸಣ್ಣದಲ್ಲ. ಇದಕ್ಕೆ ಕೊಚ್ಚಿಯ ಉದಾಹರಣೆಯನ್ನೇ ನೋಡೋಣ. ಅಲ್ಲಿಯ ಅಳಿವೆಗೆ ಅಡ್ಡಲಾಗಿ ಬಂಡೆಯಂತೆ ಗಟ್ಟಿಯಾದ ಹೊಯಿಗೆಯ ದಿಬ್ಬವಿತ್ತು. ಎಂಟೊಂಬತ್ತು ಅಡಿಗಿಂತ ಹೆಚ್ಚು ನೀರು ಬೇಕಾದ ಹಡಗು ಒಳಗೆ ಬರುವಂತಿರಲಿಲ್ಲ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರರು ದಿಬ್ಬವನ್ನು ಕಡಿಯುವ ಯೋಜನೆ ಹಾಕಿದಾಗ ಮೊದಲು ಎದ್ದ ಪ್ರಶ್ನೆ, ಕಡಿದರೆ ಪಕ್ಕದ ವೈಪಿನ್ ದಡ ಉಳಿದೀತೇ ಎಂಬುದು. ಬ್ರಿಸ್ಟೋ ಅವರು ಕಡಲಿನ ಸೆಳೆತಗಳನ್ನು ಅಭ್ಯಾಸ ಮಾಡಿ, ವೈಪಿನಿಗೆ ಕೊರೆತದ ಅಪಾಯವುಂಟೆಂದು ಒಪ್ಪಿಕೊಂಡರು. ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಒಂದರ ತುದಿ ಇನ್ನೊಂದನ್ನು ಮರೆಮಾಡುವಂತೆ ಕಲ್ಲುಕಟ್ಟೆಗಳನ್ನು ಹಾಕಿ ಹೊಯಿಗೆ ತಾನಾಗಿ ತಂಗುವಂತೆ ಮಾಡುವ ಉಪಾಯವನ್ನೂ ಯೋಜನೆಯಲ್ಲಿಯೇ ಸೇರಿಸಿದರು. ಮದರಾಸು, ಕೊಚ್ಚಿ, ತಿರುವಿದಾಂಕೂರು ಎಂಬ ಮೂರು ಸರಕಾರಗಳು ವೆಚ್ಚ ಮತ್ತು ಸುಂಕದ ಹಂಚಿಕೆಯ ಬಗ್ಗೆ ಬಹುಕಾಲ ಎಳೆದಾಡಿದವು, ಒಪ್ಪಂದಕ್ಕೂ ಬಂದವು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ವೈಪಿನ್ ದಡಕ್ಕೆ ಆಮೇಲೆ ಎಂದೂ ತೊಂದರೆಯಾಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಪರಕೀಯರ ಆಳ್ವಿಕೆಯಲ್ಲಿ, ಮೂರು ಬೊಕ್ಕಸಗಳ ಜಗಳದ ನಡುವೆ, ಪಕ್ಕದ ದಡವನ್ನು ಯೋಜನೆಯ ಹೊರಗಿನ ಸಂಗತಿಯೆಂದು ಬಿಡದೆ ಒಳಗೆ ತಂದರೆಂಬುದಷ್ಟೇ ನಮ್ಮ ವಾದಕ್ಕೆ ಸಾಕು.

ಇಲ್ಲಿ ನಮ್ಮ ಸಂಘದವರಿಗೆ ಸಂಬಂಧಪಟ್ಟ ಒಂದು ಮಾತನ್ನು ಸೇರಿಸಬೇಕು. ದೊಡ್ಡ ಬಂದರುಗಳ ವಿಷಯದಲ್ಲಿ ಕಟ್ಟುವ ಮೊದಲು ಜನರ ಅಹವಾಲು ಕೇಳಬೇಕೆಂದು 2006ರ ಪರಿಸರ ಅಧಿಸೂಚನೆ ವಿಧಿಸುತ್ತದೆ. ಅಹವಾಲು ಹೇಳಬೇಕಾದರೆ ವಿಷಯ ತಿಳಿದಿರಬೇಕು. ತಿಳಿಯಬೇಕಾದರೆ ಅದು ಓದುವ ಭಾಷೆಯಲ್ಲಿರಬೇಕು. ಕೇರಳದ 1969ರ ಅಧಿಕೃತ ಭಾಷೆಯ ಕಾನೂನು ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಮಂಜೇಶ್ವರ ಕುಂಬಳೆಗಳ ದಡದಲ್ಲಿ ಕಡಲಿಗೆ ಹಾಕುವ ಪ್ರತಿ ಕಲ್ಲಿನ ಕಾಗದ ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದನ್ನು ಕೆಲವರು ಬರಿಯ ಭಾಷಾಭಿಮಾನವೆಂದು ತಿಳಿಯುತ್ತಾರೆ. ತನ್ನ ದಡವನ್ನು ಸಾಲವಾಗಿ ಕೊಡುವವನಿಗೆ ಸಾಲಪತ್ರವನ್ನು ಓದಿ ಹೇಳುವುದು ಅಭಿಮಾನದ ಮಾತಲ್ಲ, ವ್ಯವಹಾರದ ಕನಿಷ್ಠ ಮರ್ಯಾದೆ. ನಾವು ಶಿಕ್ಷಕರು ಮಾಡಬಹುದಾದ ಕೆಲಸವೂ ಇಲ್ಲಿ ಉಂಟು. ಕಡಲಬದಿಯ ಶಾಲೆಯ ಏಳನೆಯ ತರಗತಿಯ ಮಕ್ಕಳು ಒಂದು ಹಗ್ಗ ಹಿಡಿದು, ಶಾಲೆಯ ಮೂಲೆಗಲ್ಲಿನಿಂದ ಭರತದ ಗೆರೆಯವರೆಗಿನ ದೂರವನ್ನು ಮಳೆಗಾಲದ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಆ ಊರಿನ ಕೈಯಲ್ಲಿಯೂ ಒಂದು ನಕ್ಷೆಯಿರುತ್ತದೆ. ತಜ್ಞರು ಅದನ್ನು ಅರೆಬರೆಯೆಂದು ತಳ್ಳಿಹಾಕಬಹುದು. ಏನೂ ಇಲ್ಲದವನನ್ನು ತಳ್ಳಿಹಾಕುವಷ್ಟು ಸುಲಭವಾಗಿ ಮಾತ್ರ ಆಗದು.

ಪ್ರಕೃತಕ್ಕೆ ಬರೋಣ. ಕಡಲಿನ ಭರತರೇಖೆಯಿಂದ 50 ಮೀಟರಿನೊಳಗೆ ಇರುವ ಕುಟುಂಬಗಳು ಒಳನಾಡಿಗೆ ಸರಿಯಲು ಕೇರಳ ಸರಕಾರವು ‘ಪುನರ್ಗೇಹಂ’ ಎಂಬ ಯೋಜನೆಯಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡುತ್ತದೆ. ಮನೆ ಕಳೆದುಕೊಂಡು ವಲಿಯತುರದ ಗೋದಾಮಿನಲ್ಲಿ ವರ್ಷಗಟ್ಟಲೆ ಕಾಲ ಕಳೆದವರ ಸಂಗತಿ ಮುಷ್ಕರದ ದಿನಗಳಲ್ಲಿ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. 2025ರ ಆಗಸ್ಟಿನಲ್ಲಿ ಮುಟ್ಟತ್ತರದಲ್ಲಿ 332 ಮನೆಗಳ ಕಟ್ಟಡಗಳು ಮೀನುಗಾರರಿಗಾಗಿ ತೆರೆದುವು. ಒಳ್ಳೆಯ ಕೆಲಸ. ಆದರೆ ಇವೆಲ್ಲ ಕೊಡಲ್ಪಡುವುದು ದಯೆಯೆಂಬ ಶೀರ್ಷಿಕೆಯ ಕೆಳಗೆ, ಬಂದರಿನ ಲೆಕ್ಕದಿಂದ ಹೊರಗೆ. ದಯೆಗೆ ಕಾಲಮಿತಿಯಿಲ್ಲ, ಕೇಳುವ ಹಕ್ಕೂ ಇಲ್ಲ. 2034ರಲ್ಲಿ ವಿಳಿಂಜದ ವರಮಾನ ರಾಜ್ಯದ ಕೈಗೆ ಬರತೊಡಗಿದಾಗ ಕೇಂದ್ರಕ್ಕೆ ಎಷ್ಟು ಎಂಬುದು ಈಗಾಗಲೇ ಬರೆದಾಗಿದೆ, ಸಂಸ್ಥೆಗೆ ಎಷ್ಟು ಎಂಬುದೂ ಬರೆದಾಗಿದೆ. ದಡಕ್ಕೆ ಎಷ್ಟು ಎಂಬುದನ್ನು ಬರೆಯಲು ಇನ್ನೂ ಎಂಟೊಂಬತ್ತು ವರ್ಷಗಳ ಸಮಯವಿದೆ. ರಾಜ್ಯಕ್ಕೆ ಉಳಿಯುವ ನೂರಕ್ಕೆ ಎಂಬತ್ತರಲ್ಲಿ ಆ ಮೊತ್ತವನ್ನು ಮೊದಲು ತೆಗೆದಿರಿಸಿ, ಆಮೇಲೆ ಉಳಿದುದನ್ನು ರಸ್ತೆಗೋ ಇನ್ನೊಂದು ಬಂದರಿಗೋ ಹಂಚಬಹುದು. ಮಂಜೇಶ್ವರದಂತಹ ಸಣ್ಣ ಬಂದರುಗಳಿಗಾದರೆ ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. ಧಕ್ಕೆಯಲ್ಲಿ ದೋಣಿಗಳಿಂದ ವಸೂಲಾಗುವ ಶುಲ್ಕದ ಪುಸ್ತಕದಲ್ಲಿ ಇನ್ನೊಂದು ಅಂಕಣ ಗೆರೆ ಹಾಕಿದರೆ, ಬರುವ ಮಳೆಗಾಲದಿಂದಲೇ ಅದನ್ನು ತುಂಬತೊಡಗಬಹುದು.